ಮಗಳ ಇಂಗ್ಲಿಷಿಗೆ ಕಿವಿ ಕೊಟ್ಟ ದಿನಗಳು

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ನಿಂತ ಹೆಂಗಸಿಗೆ ಕಿವಿಯೂ ಇದೆ ಎನ್ನುವುದು ಜನರಿಗೆ ಮರೆತೇಹೋಗುತ್ತದೆ. ಕಡಬದ ಪೇಟೆಯಲ್ಲಿ ಇಪ್ಪತ್ತೈದು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಅಳತೆ ಕೊಡಲು ನಿಂತವರು, ಅವರ ಜೊತೆ ಬಂದವರು, ಬಾಗಿಲಲ್ಲಿ ಮಳೆ ಬಿಡುವುದನ್ನು ಕಾಯುತ್ತಾ ನಿಂತವರು, ಎಲ್ಲರೂ ನನ್ನೆದುರೇ ಮನೆಯ ವಿಷಯ ಮಾತಾಡುತ್ತಾರೆ. ನನಗೆ ಗೊತ್ತಾಗಬಾರದು ಎಂದಿದ್ದರೆ ಭಾಷೆ ಬದಲಿಸುತ್ತಾರೆ, ಅಷ್ಟೆ. ನಮ್ಮ ಕಡೆ ಅದೊಂದು ಪದ್ಧತಿ. ಎದುರಿಗಿರುವವರ ಭಾಷೆಯಲ್ಲಿ ಮಾತಾಡುವುದು ಮರ್ಯಾದೆ, ಅವರಿಗೆ ಬಾರದ ಭಾಷೆಗೆ ಜಿಗಿಯುವುದು ಜಾಣತನ. ಎರಡನ್ನೂ ನಾವು ಸಣ್ಣದಿರುವಾಗಲೇ ಕಲಿಯುತ್ತೇವೆ.

ನಾನು ಹುಟ್ಟಿದ್ದು ಕುಂಬ್ರದಲ್ಲಿ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಬೇಲಿಯಾಚೆಯ ಮನೆಯವರಿಂದ ಬ್ಯಾರಿ. ಮದುವೆಯಾದ ಹೊಸತರಲ್ಲಿ ಆರು ವರ್ಷ ಮರ್ಕಂಜದಲ್ಲಿ ಬಾಡಿಗೆಗಿದ್ದೆವು, ಅಲ್ಲಿ ಅರೆಭಾಷೆ ಬಂತು. ಕಡಬಕ್ಕೆ ಬಂದ ಮೇಲೆ ಮಲಯಾಳ. ಮಲಯಾಳ ನನಗೆ ಅರ್ಥವಾಗುತ್ತದೆ ಎಂದು ನನ್ನ ಗಿರಾಕಿಗಳಿಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಒಬ್ಬ ತಾಯಿ ಮತ್ತು ಮದುಮಗಳು ನನ್ನೆದುರೇ ಮಲಯಾಳದಲ್ಲಿ ಲೆಕ್ಕ ಹಾಕಿದ್ದರು: ಇವಳ ಹತ್ತಿರ ಒಂದು ಹೊಲಿಸುವುದು, ಅದನ್ನು ಮಾದರಿಗೆ ಕೊಟ್ಟು ಉಳಿದ ಹತ್ತನ್ನು ಬೇರೆ ಕಡೆ ಹೊಲಿಸುವುದು. ನಾನು ನಗುನಗುತ್ತಾ ಅಳತೆ ತೆಗೆದುಕೊಂಡೆ. ಆ ಒಂದು ರವಿಕೆಯನ್ನು ಮದುವೆಯ ಹಿಂದಿನ ದಿನ ಕೊಟ್ಟೆ. ಕೆಟ್ಟ ಬುದ್ಧಿ ಅನ್ನುತ್ತೀರಾದರೆ ಅನ್ನಿ. ಸಂಶಯ ಪಡುವವಳು ಎಂದು ನನ್ನ ಗಂಡನೂ ಅನ್ನುತ್ತಾರೆ. ಅವರು ಶಾಲೆಯ ವ್ಯಾನ್ ಓಡಿಸುವವರು, ಮಕ್ಕಳು ಹೇಳುವ ಸುಳ್ಳನ್ನೆಲ್ಲ ನಂಬಿ ನಂಬಿ ಅಭ್ಯಾಸವಾಗಿದೆ. ಮನೆಯಲ್ಲಿ ಒಬ್ಬರಾದರೂ ಸಂಶಯ ಪಡಬೇಡವೇ?

ಹೀಗಿರುವ ನನ್ನ ಮನೆಗೆ ಒಂದು ಬುಧವಾರ ಮಧ್ಯಾಹ್ನ ಮಗಳು ಬಂದಳು. ಒಬ್ಬಳೇ ಮಗಳು. ಮದುವೆಯಾಗಿ ನಾಲ್ಕು ವರ್ಷ, ಗಂಡನ ಮನೆ ಪುತ್ತೂರು, ಅಲ್ಲಿಯೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್. ಹಬ್ಬವಲ್ಲ, ರಜೆಯಲ್ಲ, ಫೋನ್ ಮಾಡಿ ತಿಳಿಸಿದ್ದೂ ಅಲ್ಲ. ಎಂತ ಮಗಾ ಎಂದು ಕೇಳಿದ್ದಕ್ಕೆ, ಸುಸ್ತು, ಶಾಲೆಗೆ ಮೂರು ತಿಂಗಳ ರಜೆ ಹಾಕಿದ್ದೇನೆ ಅಂದಳು. ಮೂರು ತಿಂಗಳ ಸುಸ್ತು ಎಂಬುದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಮೊದಲು ಬಸುರಿ ಇರಬಹುದು ಎಂದುಕೊಂಡೆ. ಬೆಳಿಗ್ಗೆ ಬಚ್ಚಲಿನ ಕಡೆ ಕಿವಿಯಿಟ್ಟೆ, ಅಂಥದ್ದೇನೂ ಇಲ್ಲ. ಆಮೇಲೆ ಕೆಲಸ ಹೋಗಿರಬೇಕು ಎಂದು ಅವಳ ಶಾಲೆಗೆ ಯಾರದೋ ಮಗುವಿನ ಅಜ್ಜಿಯ ಹಾಗೆ ಫೋನ್ ಮಾಡಿದೆ. ಟೀಚರ್ ರಜೆಯಲ್ಲಿದ್ದಾರೆ, ಬರುತ್ತಾರೆ ಅಂದರು. ಅತ್ತೆಯ ಜೊತೆ ಜಗಳವೋ ಎಂದರೆ, ಅಳಿಯ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಬೆಣ್ಣೆಯಂತೆ ಮಾತಾಡುತ್ತಿದ್ದರು. ಮಾಮಿ, ಅವಳಿಗೆ ಸ್ವಲ್ಪ ರೆಸ್ಟ್ ಬೇಕು, ನಿಮ್ಮ ಕೈಯ ಊಟ ಮಾಡಿದರೆ ಸರಿಯಾಗ್ತಾಳೆ. ಟೈಲ್ಸ್ ಅಂಗಡಿ ಇಟ್ಟುಕೊಂಡವರು, ಬಿಡುವಿಲ್ಲದ ಮನುಷ್ಯ, ಅಷ್ಟರ ನಡುವೆ ಹೆಂಡತಿಯ ತಾಯಿಗೆ ಫೋನ್ ಮಾಡುತ್ತಾರೆ. ಇಂಥ ಅಳಿಯ ಯಾರಿಗುಂಟು ಎಂದು ನಾನು ಪಕ್ಕದ ಅಂಗಡಿಯವಳ ಹತ್ತಿರ ಹೇಳಿಕೊಂಡೆ.

ಹಾಗಾದರೆ ತಪ್ಪು ಎಲ್ಲಿ? ಮಗಳನ್ನು ಎರಡು ಸಲ ನೇರವಾಗಿಯೇ ಕೇಳಿದೆ. ಎರಡು ಸಲವೂ ಎಂತ ಇಲ್ಲಮ್ಮ ಅಂದಳು. ಮೂರನೆಯ ಸಲ ಕೇಳಲು ಹೊರಟಾಗ ಗಂಡ ಅಡ್ಡ ಬಂದರು, ತಾನಾಗಿ ಹೇಳುತ್ತಾಳೆ, ಬಿಡು ಎಂದು. ನಾನು ಬಿಟ್ಟ ಹಾಗೆ ಮಾಡಿದೆ.

ಆಗಲೇ ಮಂಗಳವಾರ ಮತ್ತು ಶುಕ್ರವಾರದ ವಿಷಯ ನನ್ನ ಗಮನಕ್ಕೆ ಬಂತು. ಆ ಎರಡು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕಿವಿಗೆ ಇಯರ್‌ಫೋನ್. ಮುಕ್ಕಾಲು ಗಂಟೆ ಮಾತು, ಎಲ್ಲ ಇಂಗ್ಲಿಷ್. ಅಂಗಡಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಒಂದು ಮಂಗಳವಾರ ಕತ್ತರಿ ಮರೆತ ನೆಪದಲ್ಲಿ ಬಂದು ಹಿಂದಿನ ಜಗಲಿಯಲ್ಲಿ, ಅವಳ ಕಿಟಕಿಯ ಕೆಳಗೆ ಕೂತೆ. ಒಮ್ಮೆ ಇಯರ್‌ಫೋನ್ ಕಳಚಿತೋ ಏನೋ, ಒಂದು ಗಂಡು ಧ್ವನಿ ಕೇಳಿಸಿತು. ಮೆತ್ತಗಿನ ಧ್ವನಿ. ಅದು ನನ್ನ ಅಳಿಯನ ಧ್ವನಿಯಾಗಿರಲಿಲ್ಲ.

ಇಂಗ್ಲಿಷ್ ಯಾಕೆ? ಈ ಮನೆಯಲ್ಲಿ ನನಗೆ ಬಾರದ ಭಾಷೆ ಅದೊಂದೇ. ಅವಳು ನನ್ನ ಮಗಳು, ನನ್ನ ಕಿವಿಯ ಹದ ಅವಳಿಗೆ ಗೊತ್ತು. ತುಳುವಿನಲ್ಲಿ ಪಿಸುಗುಟ್ಟಿದರೂ, ಮಲಯಾಳದಲ್ಲಿ ಗೊಣಗಿದರೂ ಅಮ್ಮ ಹಿಡಿಯುತ್ತಾಳೆ. ಹಾಗಾಗಿ ನನ್ನೆದುರು ಆ ಮದುಮಗಳು ಮಾಡಿದ ಕೆಲಸವನ್ನೇ ಇವಳು ಮಾಡುತ್ತಿದ್ದಾಳೆ. ಯಾರೋ ಒಬ್ಬನಿದ್ದಾನೆ, ಅವನಿಗಾಗಿ ಇಷ್ಟು ಒಳ್ಳೆಯ ಸಂಸಾರ ಬಿಟ್ಟು ಬಂದಿದ್ದಾಳೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು. ಹೇಗಾದರೂ ಮಾಡಿ ಆ ಇಂಗ್ಲಿಷ್ ನನಗೆ ಅರ್ಥವಾಗಬೇಕು ಎಂದು ಹಟ ಹಿಡಿದೆ.

ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಕ್ಲಾಸ್ ಉಂಟು. ವಿದೇಶಕ್ಕೆ ಹೋಗುವ ನರ್ಸ್ ಹುಡುಗಿಯರಿಗೆ ಪರೀಕ್ಷೆಗೆ ತಯಾರು ಮಾಡುವುದು. ನಡೆಸುವಾಕೆ ಗಲ್ಫಿನಲ್ಲಿ ಹದಿನೈದು ವರ್ಷ ನರ್ಸ್ ಆಗಿದ್ದು ಊರಿಗೆ ಬಂದವರು. ದಿನಾ ಮಧ್ಯಾಹ್ನ ಎರಡು ಗಂಟೆಗೆ ಸ್ಪೀಕರಿನಲ್ಲಿ ಇಂಗ್ಲಿಷ್ ಸಂಭಾಷಣೆ ಹಾಕುತ್ತಾರೆ, ಅದು ಮರದ ಮೆಟ್ಟಿಲಿನಿಂದ ಇಳಿದು ನನ್ನ ಹೊಲಿಗೆ ಯಂತ್ರದ ತನಕ ಬರುತ್ತದೆ. ಎರಡು ವರ್ಷದಿಂದ ಅದನ್ನು ನಾನು ಫ್ಯಾನಿನ ಸದ್ದಿನ ಹಾಗೆ ಕೇಳಿಕೊಂಡಿದ್ದೆ. ಮರುದಿನ ಅಂಗಡಿಗೆ ಅರ್ಧ ಶಟರ್ ಎಳೆದು ಮೆಟ್ಟಿಲು ಹತ್ತಿದೆ.

ಟೀಚರಿಗೆ ನನ್ನನ್ನು ನೋಡಿ ಆಶ್ಚರ್ಯ. ಕೇಳಿದರೆ ತಿಳಿಯುವಷ್ಟು ಸಾಕು, ಮಾತಾಡ್ಲಿಕ್ಕೆ ಬರುದು ಬೇಡ ಅಂದೆ. ಅವರು ನನ್ನನ್ನೇ ನೋಡಿದರು. ಮಾತಾಡಲು ಬೇಡ, ಕೇಳಲು ಮಾತ್ರ ಬೇಕು ಎನ್ನುವವರನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ. ತಂಗಿಯ ಮಗಳು ಹೊರದೇಶದಲ್ಲಿ ಹೆರಿಗೆಗೆ ಕರೆದಿದ್ದಾಳೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ನನಗೆ ತಂಗಿಯೇ ಇಲ್ಲ. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಪಾಸಾಗಿದ್ದೇನೆ ಎಂಬುದು ಮಾತ್ರ ನಿಜ, ಪಾಸಾದದ್ದು ಹೇಗೆ ಎಂದು ಯಾರೂ ಕೇಳಬಾರದು. ಅವರು ಕೊನೆಯ ಬೆಂಚು ತೋರಿಸಿದರು. ನನ್ನ ಮುಂದೆ ಕೂತ ಇಬ್ಬರು ಹುಡುಗಿಯರು, ಈ ಆಂಟಿ ಅಲ್ಲಿ ಹೋಗಿ ಮಗುವಿಗೆ ಎಣ್ಣೆ ಹಚ್ಚಲು ಇಂಗ್ಲಿಷ್ ಕಲಿಯುತ್ತಿದ್ದಾರೆ ಎಂದು ಮಲಯಾಳದಲ್ಲಿ ನಕ್ಕರು. ನಾನು ಏನೂ ತಿಳಿಯದವಳ ಹಾಗೆ ಗೋಡೆ ನೋಡಿದೆ.

ಮೊದಲ ದಿನ ಒಬ್ಬ ಗಂಡಸು, ಒಬ್ಬಳು ಹೆಂಗಸು ಬಾಡಿಗೆ ಕೋಣೆಯ ಬಗ್ಗೆ ಮಾತಾಡಿದರು. ಅಯ್ಯೋ ದೇವರೇ, ಅವರಿಗೆ ಉಸಿರಾಡುವ ಕ್ರಮವೇ ಇಲ್ಲ. ಒಂದು ಶಬ್ದದ ಬಾಲ ಹಿಡಿಯುವಷ್ಟರಲ್ಲಿ ಇನ್ನೊಂದು ಓಡಿಹೋಗುತ್ತದೆ. ಅದನ್ನು ಒಂದೇ ಸಲ ಹಾಕುತ್ತಾರೆ, ಎರಡನೆಯ ಸಲ ಇಲ್ಲ, ಅದು ಪರೀಕ್ಷೆಯ ನಿಯಮ. ಹತ್ತು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಬರೆದೆ, ಅದೂ ತಪ್ಪು. ಕೆಳಗೆ ಬಂದು ಸಿಟ್ಟಿನಲ್ಲಿ ಒಂದು ರವಿಕೆಯ ಎರಡು ಕೈಗಳನ್ನೂ ಎಡಗೈಗೇ ಕತ್ತರಿಸಿಬಿಟ್ಟೆ.

ಟೀಚರ್ ಒಳ್ಳೆಯವರು. ಎಲ್ಲ ಶಬ್ದ ಹಿಡಿಯಲು ಹೋಗಬಾರದು ಎಂದು ಹೇಳಿಕೊಟ್ಟರು. ಮೊದಲು ಪ್ರಶ್ನೆ ಓದಬೇಕು. ಯಾರು, ಎಲ್ಲಿ, ಯಾವಾಗ, ಯಾಕೆ, ಯಾವುದು ಬೇಕೋ ಅದಕ್ಕೆ ಮಾತ್ರ ಕಿವಿ ತೆರೆದಿಟ್ಟುಕೊಳ್ಳಬೇಕು. ಒತ್ತಿ ಹೇಳಿದ ಶಬ್ದಗಳನ್ನು ಹಿಡಿದು ಉಳಿದದ್ದನ್ನು ಹೋಗಲು ಬಿಡಬೇಕು. ಇನ್ನೊಂದು ಮುಖ್ಯ ವಿಷಯ, ಮೊದಲು ಹೇಳಿದ್ದನ್ನು ನಂಬಬಾರದು. ರೆಕಾರ್ಡಿಂಗಿನಲ್ಲಿ ಮಂಗಳವಾರ ಬರುತ್ತೇನೆ ಎನ್ನುತ್ತಾರೆ, ಸ್ವಲ್ಪ ಕಳೆದು, ಇಲ್ಲ ಗುರುವಾರ ಎನ್ನುತ್ತಾರೆ. ಮಂಗಳವಾರ ಬರೆದವರು ಬೇಸ್ತು ಬಿದ್ದರು. ಹುಡುಗಿಯರೆಲ್ಲ ದಿನಾ ಬೇಸ್ತು ಬೀಳುತ್ತಿದ್ದರು, ನಾನೊಬ್ಬಳು ಬೀಳುತ್ತಿರಲಿಲ್ಲ. ಯಾರಾದರೂ ಏನನ್ನಾದರೂ ಮೊದಲು ಹೇಳಿದರೆ ಅದು ನಿಜವಿರಲಿಕ್ಕಿಲ್ಲ ಎಂಬುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರನೆಯ ವಾರ ಹತ್ತಕ್ಕೆ ಆರು ಸರಿಯಾಯಿತು. ಎಣ್ಣೆ ಹಚ್ಚುವ ಆಂಟಿಯ ಪುಸ್ತಕಕ್ಕೆ ಮುಂದಿನ ಬೆಂಚಿನವರು ಕತ್ತು ತಿರುಗಿಸಿ ಇಣುಕತೊಡಗಿದರು.

ಟೀಚರ್ ನನ್ನ ಮೊಬೈಲಿಗೆ ಇನ್ನಷ್ಟು ಸಂಭಾಷಣೆ ಹಾಕಿಕೊಟ್ಟರು. ಹೊಲಿಯುವಾಗ, ಇಸ್ತ್ರಿ ಹಾಕುವಾಗ, ಬಸ್ಸಿನಲ್ಲಿ ಪುತ್ತೂರಿಗೆ ನೂಲು ತರಲು ಹೋಗುವಾಗ ಅದೇ. ಡಾಕ್ಟರ ಹತ್ತಿರ ಹೋದವರು, ರೈಲು ತಪ್ಪಿಸಿಕೊಂಡವರು, ಅಂಗಿ ವಾಪಸು ಕೊಡಲು ಬಂದವರು. ಅಂಗಿ ವಾಪಸು ಕೊಡುವ ಹೆಂಗಸಿನ ಮಾತು ನನಗೆ ಒಂದೇ ಸಲಕ್ಕೆ ಪೂರ್ತಿ ತಿಳಿಯಿತು, ಅಂಥವರನ್ನು ವಾರಕ್ಕೆ ಇಬ್ಬರನ್ನು ನೋಡುತ್ತೇನೆ.

ಕಷ್ಟವಾದದ್ದು ನುಡಿಗಟ್ಟುಗಳು. ಒಂದೊಂದು ಶಬ್ದವೂ ಗೊತ್ತಿರುತ್ತದೆ, ಸೇರಿದಾಗ ಅರ್ಥ ಬೇರೆಯೇ. ಹವೆಯ ಕೆಳಗಿದ್ದೇನೆ ಎಂದರೆ ಮೈ ಹುಷಾರಿಲ್ಲ ಎಂದಂತೆ. ತಣ್ಣಗಿನ ಹೆಗಲು ಕೊಟ್ಟ ಎಂದರೆ ಮುಖ ಕೊಟ್ಟು ಮಾತಾಡಲಿಲ್ಲ ಎಂದಂತೆ. ಇವರೂ ನಮ್ಮಂಥವರೇ ಎಂದುಕೊಂಡೆ, ಹೊರಗಿನವರಿಗೆ ತಿಳಿಯಬಾರದೆಂದು ಮಾತಿನೊಳಗೇ ಇನ್ನೊಂದು ಭಾಷೆ ಇಟ್ಟುಕೊಂಡಿದ್ದಾರೆ. ಇನ್ನೊಂದಿತ್ತು, ವಾಕಿಂಗ್ ಆನ್ ಎಗ್‌ಶೆಲ್ಸ್. ಮೊಟ್ಟೆಯ ಸಿಪ್ಪೆಯ ಮೇಲೆ ನಡೆಯುವುದು. ಮನೆಯಲ್ಲಿ ಒಬ್ಬರಿಗೆ ಯಾವಾಗ ಸಿಟ್ಟು ಬರುತ್ತದೆ ಎಂದು ಗೊತ್ತಿಲ್ಲದೆ ಉಳಿದವರು ಉಸಿರು ಬಿಗಿಹಿಡಿದುಕೊಂಡು ಓಡಾಡುತ್ತಾರಲ್ಲ, ಅದು ಎಂದು ಟೀಚರ್ ಬಿಡಿಸಿ ಹೇಳಿದರು.

ಮರುವಾರದ ಮಂಗಳವಾರ ಕಿಟಕಿಯ ಕೆಳಗೆ ಕೂತಾಗ ಮಗಳ ಬಾಯಿಯಿಂದ ಅದೇ ಮಾತು ಬಂತು. ಎಗ್‌ಶೆಲ್ಸ್. ಅದರ ಹಿಂದೆ ಹೌಸ್ ಎಂಬ ಶಬ್ದ, ಎವೆರಿ ಡೇ ಎಂಬ ಶಬ್ದ. ಆ ಕಡೆಯವನು ಏನು ಕೇಳಿದನೋ ಇಯರ್‌ಫೋನಿನೊಳಗೇ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ದಿನಾ ಮೊಟ್ಟೆಯ ಮೇಲೆ ನಡೆಯುತ್ತಿದ್ದಾಳಂತೆ! ಬೆಳಿಗ್ಗೆ ಎದ್ದು ನೀರುದೋಸೆ ಹೊಯ್ದು ಕೊಡುತ್ತೇನೆ, ತಟ್ಟೆಯನ್ನೂ ತೊಳೆಯಲು ಬಿಡುವುದಿಲ್ಲ, ಎರಡೂವರೆ ತಿಂಗಳಲ್ಲಿ ಒಂದು ಗಟ್ಟಿ ಮಾತು ಆಡಿಲ್ಲ, ಇವಳು ಯಾರೋ ಒಬ್ಬನಿಗೆ ಅಮ್ಮನ ಸಿಟ್ಟಿನ ವರದಿ ಒಪ್ಪಿಸುತ್ತಿದ್ದಾಳೆ. ಅವತ್ತು ಮಧ್ಯಾಹ್ನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅವಳು ಏನೂ ಹೇಳದೆ ಉಂಡಳು. ಅದಕ್ಕೂ ನನಗೆ ಸಂಶಯ ಬಂತು.

ಅದೇ ದಿನ ಸಂಜೆ ಅಳಿಯನ ಫೋನ್. ಮಾಮಿ, ಭಾನುವಾರ ನಾನೂ ಅಮ್ಮನೂ ಬರ್ತೇವೆ, ಅವಳನ್ನು ಕರ್ಕೊಂಡು ಹೋಗ್ತೇವೆ, ಎರಡೂವರೆ ತಿಂಗಳಾಯ್ತು, ಜನ ಕೇಳ್ತಾರೆ. ನಾನು ತಡಮಾಡದೆ ಬನ್ನಿ ಅಂದೆ, ಊಟಕ್ಕೇ ಬನ್ನಿ, ಕೋಳಿ ಸುಕ್ಕ ಮಾಡುತ್ತೇನೆ ಅಂದೆ. ಫೋನಿಟ್ಟು ಮಗಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಆಯ್ತು ಅಂದಳು. ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದಳು.

ಸಂಜೆ ಗಂಡ ಬಂದಾಗ ವಿಷಯ ತಿಳಿಸಿದೆ. ಅವಳಿಗೆ ಮನಸ್ಸುಂಟಾ ಎಂದು ಕೇಳಿದರು. ಮನಸ್ಸಿನ ಮಾತು ಬೇಡ, ಸಂಸಾರ ಮುಖ್ಯ ಅಂದೆ. ಒಳಗೊಳಗೆ ನಾನು ತೀರ್ಮಾನಿಸಿದ್ದು ಬೇರೆ. ಭಾನುವಾರಕ್ಕೆ ಮೊದಲು ಒಂದು ಶುಕ್ರವಾರ ಉಂಟು. ಆ ಮನುಷ್ಯ ಯಾರು, ಇವಳಿಗೂ ಅವನಿಗೂ ಏನು ಎನ್ನುವುದು ಅಂದು ಗೊತ್ತಾಗಬೇಕು. ನನ್ನ ಸಂಶಯ ನಿಜವಾದರೆ ಅಳಿಯನ ಕಿವಿಗೆ ಬೀಳುವ ಮೊದಲು ಇವಳ ಕೈ ಹಿಡಿದು ಕಾರಿಗೆ ಹತ್ತಿಸಿ ಕಳಿಸುವವಳು ನಾನೇ. ಇವಳ ಬದುಕು ಹಾಳಾಗಲು ಬಿಡುವುದಿಲ್ಲ ಎಂದು ದೇವರ ಕೋಣೆಯ ಮುಂದೆ ನಿಂತು ಹೇಳಿಕೊಂಡೆ.

ಎರಡು ಕಡೆಯ ಮಾತೂ ಕೇಳಬೇಕಾದರೆ ಇಯರ್‌ಫೋನ್ ಇರಬಾರದು. ಶುಕ್ರವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅದನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅಂಗಡಿಗೆ ಹೋದ ಹಾಗೆ ಮಾಡಿ, ಪೇಟೆಯ ತಿರುವಿನವರೆಗೆ ನಡೆದು, ಹತ್ತೂ ಮುಕ್ಕಾಲಕ್ಕೆ ಹಿಂದಿನ ದಾರಿಯಿಂದ ಬಂದು ಜಗಲಿಯಲ್ಲಿ ಕೂತೆ. ಕೈಯಲ್ಲಿ ಒಂದು ಸೀರೆ, ಫಾಲ್ ಹಚ್ಚಲು. ಒಳಗೆ ಅವಳು ಮೇಜಿನ ಡ್ರಾಯರ್ ಎಳೆದು ಎಳೆದು ಹುಡುಕುವ ಸದ್ದು. ಆಮೇಲೆ ಸುಮ್ಮನಾದಳು. ಅಮ್ಮ ಮನೆಯಲ್ಲಿಲ್ಲವಲ್ಲ ಎಂದು ಸ್ಪೀಕರಿನಲ್ಲೇ ಮಾತು ಶುರು ಮಾಡಿದಳು. ಟೀಚರ್ ಹೇಳಿಕೊಟ್ಟ ಹಾಗೆ ನಾನು ಪ್ರಶ್ನೆಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಅವನು ಯಾರು? ಏನು ಸಂಬಂಧ? ಎಲ್ಲಿಗೆ ಹೋಗುವ ಯೋಚನೆ?

ಆ ಧ್ವನಿ ಮೊದಲು ಕೇಳಿದ್ದು ಈ ವಾರ ನಿದ್ದೆ ಬಂತೇ ಎಂದು. ಇಲ್ಲ ಎಂದಳು. ಮಾತ್ರೆ ತೆಗೆದುಕೊಂಡೆಯಾ ಎಂದಿತು. ಎದುರಿಗಿರುವವರು ಮುಗಿಸುವವರೆಗೆ ಕಾದು, ಆಮೇಲೆ ಒಂದೊಂದೇ ಪ್ರಶ್ನೆ ಕೇಳುವ ಧ್ವನಿ. ರೆಕಾರ್ಡಿಂಗಿನ ಡಾಕ್ಟರುಗಳು ಹೀಗೆಯೇ ಮಾತಾಡುತ್ತಾರೆ. ಅವನನ್ನು ಅವಳು ಡಾಕ್ಟರ್ ಎಂದೇ ಕರೆದಳು. ನನ್ನ ಸೂಜಿ ಅಲ್ಲೇ ನಿಂತಿತು. ಪ್ರೀತಿ ಮಾಡುವವರು ನಿದ್ದೆಯ ಲೆಕ್ಕ ಕೇಳುವುದಿಲ್ಲ.

ಭಾನುವಾರ ಬರುತ್ತಾನೆ ಎಂದು ಅವಳು ಹೇಳಿದಳು. ಹೋಗಲು ಇಷ್ಟ ಉಂಟಾ ಎಂದು ಆತ ಕೇಳಿದ. ಭಯ ಎಂದಳು. ಆ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮತ್ತೆ ಮೊಟ್ಟೆಯ ಸಿಪ್ಪೆಯ ಮೇಲೆ ನಡೆಯಬೇಕು ಎಂದಳು. ಆ ಮನೆ. ನಾನು ಮಂಗಳವಾರ ಯಾವ ಮಾತಿಗೆ ಉಪ್ಪಿಲ್ಲದ ಸಾರು ಬಡಿಸಿದ್ದೆನೋ ಅದು ನನ್ನ ಮನೆಯ ಮಾತಾಗಿರಲಿಲ್ಲ. ಆಮೇಲೆ ಅವಳು ಒಂದೊಂದಾಗಿ ಹೇಳತೊಡಗಿದಳು. ಎಲ್ಲ ಶಬ್ದ ನನಗೆ ಸಿಗಲಿಲ್ಲ. ಬಾಗಿಲು ಸಿಕ್ಕಿತು, ಕುತ್ತಿಗೆ ಸಿಕ್ಕಿತು, ಫೋನ್ ಒಡೆದ ಎನ್ನುವುದು ಸಿಕ್ಕಿತು. ಉಳಿದದ್ದನ್ನು ಹೋಗಲು ಬಿಡಬೇಕು ಎಂದು ಟೀಚರ್ ಹೇಳಿದ್ದರು. ನನಗೆ ಬಿಡಲು ಆಗಲಿಲ್ಲ.

ಆ ಡಾಕ್ಟರ್ ಕೇಳಿದರು, ಇದೆಲ್ಲ ನಿನ್ನ ಅಮ್ಮನಿಗೆ ಗೊತ್ತುಂಟಾ?

ಗೊತ್ತಿಲ್ಲ ಎಂದು ಹೇಳು ಎಂದು ನಾನು ಕಿಟಕಿಯ ಕೆಳಗೆ ಕಾದೆ. ಐ ಟೋಲ್ಡ್ ಹರ್, ಎಂದಳು ಮಗಳು. ಹೇಳಿದ್ದೇನೆ, ಎರಡು ವರ್ಷ ಆಯಿತು. ಅಮ್ಮ ಏನೆಂದರು ಎಂದು ಅವರು ಕೇಳಿದರು. ಶೀ ಸ್ಟಿಚ್ಡ್ ಮಿ ಟೂ ಬ್ಲೌಸಸ್. ಲಾಂಗ್ ಸ್ಲೀವ್ಸ್.

ಅಷ್ಟನ್ನು ತಿಳಿಯಲು ನನಗೆ ಯಾವ ಕ್ಲಾಸೂ ಬೇಕಾಗಿರಲಿಲ್ಲ. ಅದು ನನ್ನ ಕಸುಬಿನ ಇಂಗ್ಲಿಷ್.

ಅವಳು ಹೇಳಿದ್ದು ನನಗೆ ಕೇಳಿಸಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಕೇಳಿಸಿತ್ತು. ಅಂಗಡಿಯಲ್ಲಿ, ಒಂದು ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ಎರಡು ರವಿಕೆ ಕಣ ತಂದಿದ್ದಳು. ನಾನು ತೋಳಿನ ಅಳತೆಗೆ ಟೇಪು ಸುತ್ತಿದಾಗ ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು ಕಂಡಿತ್ತು, ನೀಲಿಗಟ್ಟಿತ್ತು. ಅಮ್ಮ, ಅವರು ಕೈ ಎತ್ತುತ್ತಾರೆ ಎಂದಿದ್ದಳು. ತುಳುವಿನಲ್ಲಿ, ನನ್ನ ಕಿವಿಯ ಹತ್ತಿರವೇ, ನಿಧಾನವಾಗಿ. ವ್ಯಾಪಾರದ ತಲೆಬಿಸಿ ಇರ್ತದೆ ಮಗಾ, ಸ್ವಲ್ಪ ಸುಧಾರಿಸಿಕೊಂಡು ಹೋಗು ಎಂದಿದ್ದೆ. ಕೈ ಉದ್ದ ಇಡಿ ಎಂದು ಅವಳು ಕೇಳಿರಲಿಲ್ಲ. ನಾನೇ ಪುಸ್ತಕದಲ್ಲಿ ಅವಳ ಹಳೆಯ ಅಳತೆ ಹೊಡೆದುಹಾಕಿ ನಾಲ್ಕು ಇಂಚು ಜಾಸ್ತಿ ಬರೆದೆ. ಚೆನ್ನಾಗಿ ಕೂತಿತ್ತು ರವಿಕೆ. ಏಪ್ರಿಲಿನ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಅವಳು ಶಾಲೆಗೆ ಹೋಗಿದ್ದಳು. ಊರಿನವರ ಮಾತನ್ನೆಲ್ಲ ಐದು ಭಾಷೆಯಲ್ಲಿ ಸಂಶಯ ಪಟ್ಟವಳು, ಆಮೇಲೆ ಅಳಿಯ ಫೋನಿನಲ್ಲಿ ಮಾಮಿ ಎಂದು ಕರೆದದ್ದನ್ನು ಒಂದು ದಿನವೂ ಸಂಶಯ ಪಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಕರೆ ಮುಗಿದ ಮೇಲೆ ಅವಳು ನೀರು ಕುಡಿಯಲು ಹಿಂದಿನ ಬಾಗಿಲಿಗೆ ಬಂದಳು. ನಾನು ಅಲ್ಲಿಯೇ ಕೂತಿದ್ದೆ. ನನ್ನ ಮಡಿಲಲ್ಲಿ ಸೀರೆ, ಚೀಲದ ಬಾಯಿಯಲ್ಲಿ ಅವಳ ಇಯರ್‌ಫೋನಿನ ವಯರು. ಅವಳು ಎರಡನ್ನೂ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ, ಆಗಲಿಲ್ಲ. ಮೆಟ್ಟಿಲ ಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಕೂತಳು. ನಾನು ಮಹಡಿಯ ಕ್ಲಾಸಿನ ವಿಷಯ, ಇಲ್ಲದ ತಂಗಿಯ ಮಗಳ ವಿಷಯ, ಎಲ್ಲ ಒಪ್ಪಿಕೊಂಡೆ. ಅವನು ಯಾರೋ ಎಂದು ಸಂಶಯ ಪಟ್ಟದ್ದನ್ನೂ ಹೇಳಿದೆ. ಅವಳು ನಗಲಿಲ್ಲ.

ನನಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಮಾತಾಡಿದೆಯಾ ಎಂದು ಕೇಳಿದೆ.

“ಅಲ್ಲಮ್ಮ. ಆ ಡಾಕ್ಟರಿಗೆ ತುಳುವೂ ಬರ್ತದೆ, ಕನ್ನಡವೂ ಬರ್ತದೆ. ಇಂಗ್ಲಿಷ್ ಬೇಕು ಅಂತ ಹೇಳಿದ್ದು ನಾನೇ. ಇಂಗ್ಲಿಷಿನಲ್ಲಿ ಹೇಳುವಾಗ ಬೇರೆ ಯಾರದ್ದೋ ಕತೆ ಹೇಳಿದ ಹಾಗೆ ಆಗ್ತದೆ. ತುಳುವಿನಲ್ಲಿ ಹೇಳ್ಲಿಕ್ಕೆ ಹೋದ್ರೆ ನನಗೆ ನಿಮ್ಮ ಅಂಗಡಿ ನೆನಪಾಗ್ತದೆ.”

ನನಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲು ಬರಲಿಲ್ಲ, ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಮೊಬೈಲ್ ತೆಗೆದು, ಅವಳೆದುರೇ, ಅಳಿಯನಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ತೆಗೆದು, ಹೇಳಿ ಮಾಮಿ ಎಂದರು, ಅದೇ ಬೆಣ್ಣೆಯ ಧ್ವನಿ. ಭಾನುವಾರ ಬರುದು ಬೇಡ ಅಂದೆ.

“ಎಂತ ಮಾಮಿ, ಅವಳು ಎಂತಾದ್ರೂ ಹೇಳಿದ್ಳಾ?”

“ಹೇಳಿದ್ಳು. ಎರಡು ವರ್ಷ ಆಯ್ತು ಹೇಳಿ.”

ಅವರು ಗಂಡಹೆಂಡಿರ ನಡುವೆ ಇದೆಲ್ಲ ಇರುವುದೇ ಎಂದು ಶುರು ಮಾಡಿದರು, ಧ್ವನಿ ಸ್ವಲ್ಪ ಗಟ್ಟಿಯಾಯಿತು. ನಾನು ಪೂರ್ತಿ ಕೇಳಲಿಲ್ಲ, ಫೋನಿಟ್ಟೆ. ಜಾತಿಯವರು, ಸಂಬಂಧಿಕರು ಏನೆನ್ನುತ್ತಾರೆ ಎಂಬ ಯೋಚನೆ ಆಗಲೂ ಬಂತು, ಬರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ಮಾಡಬೇಕಾದದ್ದನ್ನು ಮಾಡಿದೆ ಎಂದು ಒಂದು ಸಮಾಧಾನ. ಮಗಳು ಈಗ ಹತ್ತಿರ ಬರುತ್ತಾಳೆ ಎಂದು ಅವಳ ಮುಖ ನೋಡಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿ, ನಾನು ಆಡಿದ ಮಾತನ್ನು ತಿರುವಿ ತಿರುವಿ ಪರೀಕ್ಷಿಸುವ ಹಾಗೆ.

“ಬರುದು ಬೇಡ ಅಂದದ್ದು ಈ ಭಾನುವಾರಕ್ಕೆ ಮಾತ್ರವಾ ಅಮ್ಮ?”

ಯಾವ ಭಾನುವಾರಕ್ಕೂ ಬೇಡ ಅಂದೆ. ಅವಳು ತಲೆಯಾಡಿಸಿದಳು. ನಂಬಿದ ಹಾಗೆ ನನಗೆ ಕಾಣಲಿಲ್ಲ. ನಂಬಲು ಅವಳಿಗೆ ನಾನು ಒಂದು ಕಾರಣವನ್ನೂ ಕೊಟ್ಟಿರಲಿಲ್ಲ.